ರಾತ್ರಿ ಎಂಟಾದರೆ ವಿಡಿಯೊ ನಿಲ್ಲುತ್ತದೆ: ಇದು ದಟ್ಟಣೆಯಾ, ಬೇಕಂತಲೇ ಹಾಕಿದ ತಡೆಯಾ?

ನೀಲಿದೀಪ

ಎಲ್ಲರಿಗೂ ನಮಸ್ಕಾರ. ನನ್ನದು ಫೈಬರ್ ಸಂಪರ್ಕ, 100 ಎಂಬಿಪಿಎಸ್ ಪ್ಲಾನ್. ಹಗಲು ಹೊತ್ತು ಏನೂ ತೊಂದರೆ ಇಲ್ಲ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಒಂದೇ ಒಂದು ವಿಡಿಯೊ ತಾಣ ಮಸುಕಾಗುತ್ತದೆ, ಆಗಾಗ ನಿಂತು ಸುತ್ತುತ್ತಲೇ ಇರುತ್ತದೆ. ಅದೇ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 96, 97 ಬರುತ್ತದೆ. ವಿಪಿಎನ್ ಹಾಕಿದರೆ ಅದೇ ವಿಡಿಯೊ ಸರಾಗವಾಗಿ ಓಡುತ್ತದೆ. ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲ ಸರಿ ಇದೆ, ರೌಟರ್ ಆಫ್ ಮಾಡಿ ಆನ್ ಮಾಡಿ" ಅನ್ನುತ್ತಾರೆ.

ವಿಪಿಎನ್ ಹಾಕಿದಾಗ ಸರಿ ಹೋಗುತ್ತದೆ ಅಂದರೆ ಅವರು ಆ ತಾಣವನ್ನು ಗುರುತಿಸಿ ಥ್ರಾಟ್ಲಿಂಗ್ (ಬೇಕಂತಲೇ ನಿಧಾನ) ಮಾಡುತ್ತಿದ್ದಾರೆ ಅಂತಲೇ ಅರ್ಥ ಅಲ್ವಾ? ದೂರು ಕೊಡಬೇಕು ಅಂತಿದ್ದೇನೆ. ಯಾವ ನಿಯಮ ಹೇಳಿ ಕೊಡಲಿ?

ಸಮಪಾಲು

ಕೊಡಿ ಸರ್, ಖಂಡಿತ ಕೊಡಿ. ಇದು ಹೊಸ ಆಟ ಅಲ್ಲ. 2007ರಲ್ಲಿ ಅಮೆರಿಕದಲ್ಲಿ ಕಾಮ್‌ಕಾಸ್ಟ್ ಅನ್ನುವ ಇಂಟರ್ನೆಟ್ ಕಂಪನಿ ಇಂಥದ್ದನ್ನೇ ಮಾಡಿ ಸಿಕ್ಕಿಬಿತ್ತು. ಬಿಟ್‌ಟೊರೆಂಟ್‌ನಲ್ಲಿ ಫೈಲ್ ಹಂಚುತ್ತಿದ್ದವರ ಸಂಪರ್ಕದ ಮಧ್ಯೆ ನುಗ್ಗಿ ನಕಲಿ ರೀಸೆಟ್ ಪ್ಯಾಕೆಟ್ (ಸಂಪರ್ಕ ಮುಗಿಸಿ ಅನ್ನುವ ಡೇಟಾ ತುಣುಕು) ಬಿಡುತ್ತಿತ್ತು. ಎರಡೂ ಕಡೆಯ ಕಂಪ್ಯೂಟರ್‌ಗಳು ಆಚೆಯವರೇ ಮಾತು ಮುಗಿಸಿದರು ಅಂತ ನಂಬಿ ಸಂಪರ್ಕ ಕಡಿದುಕೊಳ್ಳುತ್ತಿದ್ದವು. ರಾಬ್ ಟೊಪೊಲ್ಸ್ಕಿ ಎಂಬ ಗ್ರಾಹಕರು ಹಳೇ ಕಾಲದ ಹಾಡುಗಳನ್ನು ಹಂಚಲು ಹೋಗಿ ಇದನ್ನು ಪತ್ತೆ ಹಚ್ಚಿದರು. ಆಮೇಲೆ ಅಸೋಸಿಯೇಟೆಡ್ ಪ್ರೆಸ್‌ನವರು ಬೈಬಲ್ ಫೈಲ್ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಬೈಬಲ್ಲೂ ಹೋಗಲಿಲ್ಲ!

ಕಂಪನಿ ಮೊದಲು ತಡೆಯೇ ಇಲ್ಲ ಅಂದಿತು, ನಂತರ "ನೆಟ್‌ವರ್ಕ್ ನಿರ್ವಹಣೆ" ಅಂದಿತು. ಅದಕ್ಕೇ ಈ ನಿರ್ವಹಣೆ ಅನ್ನುವ ಮಾತು ಕೇಳಿದರೆ ನನಗೆ ಅನುಮಾನ ಬರುತ್ತದೆ.

ಪಾಳಿಕಾರ

ನಾನು ಒಂದು ಸಣ್ಣ ಐಎಸ್‌ಪಿಯಲ್ಲಿ, ಅಂದರೆ ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಯಲ್ಲಿ, ರಾತ್ರಿ ಪಾಳಿ ಮಾಡುವವನು. ಕೊಂಡಿಗಳ ಗ್ರಾಫ್ ನೋಡುತ್ತಾ ಕೂರುವುದೇ ಕೆಲಸ. ನೀಲಿದೀಪ ಅವರೇ, ದೂರು ಬರೆಯುವ ಮೊದಲು ಸ್ವಲ್ಪ ತಡೆಯಿರಿ.

ವಿಪಿಎನ್ ಹಾಕಿದರೆ ಸರಿ ಹೋಗುತ್ತದೆ ಅನ್ನುವುದು ಒಳ್ಳೇ ಸುಳಿವು, ಸಾಕ್ಷಿ ಅಲ್ಲ. ವಿಪಿಎನ್ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ನೀವು ಏನು ನೋಡುತ್ತಿದ್ದೀರಿ ಅನ್ನುವುದನ್ನು ಮುಚ್ಚುತ್ತದೆ, ಜೊತೆಗೆ ದಾರಿಯನ್ನೂ ಬದಲಿಸುತ್ತದೆ. ಐಎಸ್‌ಪಿಗೆ ಹೊರಗಿನ ಜಗತ್ತಿಗೆ ಒಂದೇ ಬಾಗಿಲು ಇರುವುದಿಲ್ಲ. ಎರಡೋ ಮೂರೋ ಟ್ರಾನ್ಸಿಟ್ ಕೊಂಡಿ (ದುಡ್ಡು ಕೊಟ್ಟು ಬೇರೆ ಜಾಲದ ಮೂಲಕ ಹೋಗುವ ದಾರಿ), ಒಂದು ಎಕ್ಸ್‌ಚೇಂಜ್ (ಹಲವು ಜಾಲಗಳು ಕೂಡುವ ಜಾಗ), ದೊಡ್ಡ ತಾಣಗಳದ್ದೇ ಆದ ಕ್ಯಾಶ್ ಸರ್ವರ್ (ವಿಡಿಯೊದ ಪ್ರತಿ ಹತ್ತಿರದಲ್ಲೇ ಇಡುವ ಯಂತ್ರ), ಹೀಗೆ. ಇವುಗಳಲ್ಲಿ ಒಂದು ಕೊಂಡಿ ರಾತ್ರಿ ತುಂಬಿಹೋಗುತ್ತಿದೆ ಅಂದುಕೊಳ್ಳಿ. ನಿಮ್ಮ ವಿಡಿಯೊ ತಾಣ ಅದರ ಮೂಲಕವೇ ಬರುತ್ತಿದೆ. ವಿಪಿಎನ್ ಸರ್ವರ್ ಬೇರೆ ಕೊಂಡಿಯ ಕಡೆ ಕೂತಿದೆ. ಆಗ ಕಾಣುವುದು ನೀವು ಹೇಳಿದ್ದೇ. ಯಾರೂ ಏನನ್ನೂ ಗುರುತಿಸಬೇಕಾಗಿಲ್ಲ.

ಸ್ಪೀಡ್ ಟೆಸ್ಟ್ 97 ತೋರಿಸುವುದಕ್ಕೂ ಇದೇ ಕಾರಣ. ಟೆಸ್ಟ್ ಆ್ಯಪ್ ಹತ್ತಿರದ ಸರ್ವರ್ ಹುಡುಕುತ್ತದೆ. ಎಷ್ಟೋ ಸಲ ಅದು ಐಎಸ್‌ಪಿಯ ಕಟ್ಟಡದೊಳಗೇ ಇರುತ್ತದೆ. ತುಂಬಿದ ಕೊಂಡಿಯನ್ನು ಅದು ದಾಟುವುದೇ ಇಲ್ಲ. ನಿಮ್ಮ ಮನೆಯಿಂದ ಅವರ ಬಾಗಿಲವರೆಗೆ ವೇಗ ಚೆನ್ನಾಗಿದೆ ಅಂತಷ್ಟೇ ಅದರಿಂದ ಗೊತ್ತಾಗುವುದು.

ಸಮಪಾಲು

ಪಾಳಿಕಾರ ಸರ್, ಕೊಂಡಿ ತುಂಬಿದೆ ಅಂತ ಗೊತ್ತಿದ್ದೂ ದೊಡ್ಡದು ಮಾಡದೆ ಕೂತರೆ ಅದೂ ಒಂದು ಬಗೆಯ ಥ್ರಾಟ್ಲಿಂಗ್ ತಾನೇ? ಪ್ಯಾಕೆಟ್ ಬಿಚ್ಚಿ ನೋಡಿ ತಡೆದರೆ ತಪ್ಪು, ಬಾಗಿಲು ಕಿರಿದಾಗಿಯೇ ಇಟ್ಟು ತಡೆದರೆ ತಪ್ಪಲ್ಲವಾ? 2013, 2014ರಲ್ಲಿ ನೆಟ್‌ಫ್ಲಿಕ್ಸ್‌ಗೆ ಆದದ್ದು ಇದೇ. ಕೋಜೆಂಟ್ ಅನ್ನುವ ಟ್ರಾನ್ಸಿಟ್ ಕಂಪನಿಯ ಮೂಲಕ ಕಾಮ್‌ಕಾಸ್ಟ್‌ಗೆ ಹೋಗುವ ಕೊಂಡಿಗಳು ತುಂಬಿ ತುಳುಕುತ್ತಿದ್ದವು. ವಿಡಿಯೊ ಹಾಳಾಯಿತು. ಕೊನೆಗೆ 2014ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ದುಡ್ಡು ಕೊಟ್ಟು ನೇರ ಕೊಂಡಿ ಹಾಕಿಸಿಕೊಂಡಿತು. ವಿಡಿಯೊ ಮತ್ತೆ ಚೆನ್ನಾಯಿತು. ಅಲ್ಲಿ ಯಾರೂ ನಕಲಿ ಪ್ಯಾಕೆಟ್ ಬಿಡಲಿಲ್ಲ.

ಪಾಳಿಕಾರ

ಒಪ್ಪುತ್ತೇನೆ. ಗ್ರಾಹಕನಿಗೆ ಆಗುವ ನೋವು ಎರಡರಲ್ಲೂ ಒಂದೇ. ಆದರೆ ದೂರಿನ ದೃಷ್ಟಿಯಿಂದ ಬೇರೆ ಬೇರೆ. "ನೀವು ಈ ತಾಣವನ್ನು ಗುರುತಿಸಿ ನಿಧಾನ ಮಾಡುತ್ತಿದ್ದೀರಿ" ಅಂತ ಬರೆದರೆ ಅವರು "ಇಲ್ಲ" ಅಂತ ಒಂದು ಸಾಲಿನ ಉತ್ತರ ಕೊಟ್ಟು ದೂರು ಮುಚ್ಚುತ್ತಾರೆ. ಅದು ನಿಜವೂ ಆಗಿರುತ್ತದೆ. "ನಿಮ್ಮ ಇಂಥ ಕೊಂಡಿ ರಾತ್ರಿ ತುಂಬಿರುತ್ತದೆ, ಯಾವಾಗ ದೊಡ್ಡದು ಮಾಡುತ್ತೀರಿ" ಅಂತ ಕೇಳಿದರೆ ಜಾರಿಕೊಳ್ಳುವುದು ಕಷ್ಟ.

ಎರಡನ್ನೂ ಬೇರ್ಪಡಿಸಲು ವೀಹಿ ಅಂತ ಒಂದು ಆ್ಯಪ್ ಇದೆ. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫ್ರಾನ್ಸ್‌ನ ನಿಯಂತ್ರಕ ಸಂಸ್ಥೆ ಆರ್ಸೆಪ್ ಕೂಡ ಅದನ್ನು ಜನರಿಗೆ ಕೊಟ್ಟಿದೆ. ಅದು ಮೊದಲೇ ಹಿಡಿದಿಟ್ಟ ವಿಡಿಯೊ ತಾಣದ ಟ್ರಾಫಿಕ್ಕನ್ನು ಒಂದು ಸರ್ವರ್‌ನಿಂದ ಮರುಕಳಿಸುತ್ತದೆ. ಆಮೇಲೆ ಅದೇ ಅಳತೆಯ, ಅದೇ ಲಯದ, ಆದರೆ ಒಳಗೆ ಅರ್ಥವಿಲ್ಲದ ಬಿಟ್‌ಗಳಿರುವ ಟ್ರಾಫಿಕ್ ಕಳಿಸುತ್ತದೆ. ದಾರಿ ಒಂದೇ, ಒಳಗಿನದ್ದು ಮಾತ್ರ ಬೇರೆ. ಮೊದಲನೆಯದು ನಿಧಾನ, ಎರಡನೆಯದು ವೇಗ ಅಂತ ಬಂದರೆ ಯಾರೋ ಒಳಗೆ ಇಣುಕುತ್ತಿದ್ದಾರೆ. ಎರಡೂ ಒಂದೇ ಥರ ಬಂದರೆ ಇಣುಕು ಇಲ್ಲ ಅಂತ ಬಹುಮಟ್ಟಿಗೆ ಹೇಳಬಹುದು. ಪೂರ್ತಿ ಅಲ್ಲ. ತಾಣದ ಐಪಿ ವಿಳಾಸ ನೋಡಿ ತಡೆಯುತ್ತಿದ್ದರೆ ಈ ಆ್ಯಪ್‌ಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಅದರ ಸರ್ವರ್ ಬೇರೆ ಕಡೆ ಇದೆ.

ಇನ್ನೊಂದು, ಎಂಟಿಆರ್ (ದಾರಿಯ ಪ್ರತಿ ರೌಟರ್‌ಗೂ ಪಿಂಗ್ ಕಳಿಸಿ ನೋಡುವ ಉಪಕರಣ) ಓಡಿಸಿ ಮಧ್ಯದ ಯಾವುದೋ ಒಂದು ಹಾಪ್‌ನಲ್ಲಿ, ಅಂದರೆ ರೌಟರ್‌ನಲ್ಲಿ, 60 ಶೇಕಡಾ ಪ್ಯಾಕೆಟ್ ನಷ್ಟ ಕಂಡ ಕೂಡಲೇ ಸ್ಕ್ರೀನ್‌ಶಾಟ್ ಹಾಕಬೇಡಿ. ಪಿಂಗ್‌ಗೆ ಉತ್ತರ ಕೊಡುವುದು ರೌಟರ್‌ಗೆ ಕೊನೆಯ ಆದ್ಯತೆಯ ಕೆಲಸ. ಆ ಹಾಪ್‌ನಿಂದ ಶುರುವಾದ ನಷ್ಟ ಕೊನೆಯ ಸಾಲಿನವರೆಗೂ ಹಾಗೇ ಮುಂದುವರಿದರೆ ಮಾತ್ರ ಅದು ನಿಜವಾದ ನಷ್ಟ. ವಾರಕ್ಕೊಂದು ಇಂಥ ದೂರು ನಮಗೆ ಬರುತ್ತದೆ, ಸುಮ್ನೆ ಎರಡೂ ಕಡೆ ಸಮಯ ಹಾಳು.

ಪಿಂಗ್‌ಪಾಂಗ್

ಕಂಪನಿ ಕಡೆ ಹೋಗುವ ಮೊದಲು ಮನೆ ಕಡೆಯನ್ನೂ ನೋಡಿಬಿಡಿ. ವೈಫೈ ಬಿಟ್ಟು ಕೇಬಲ್ ಹಾಕಿ. ಒಂದು ಕಿಟಕಿಯಲ್ಲಿ ಪಿಂಗ್ (ಹೋಗಿ ಬರುವ ಹೊತ್ತು ಅಳೆಯುವುದು) ಓಡುತ್ತಿರಲಿ. ಇನ್ನೊಂದರಲ್ಲಿ ದೊಡ್ಡ ಫೈಲ್ ಅಪ್‌ಲೋಡ್ ಶುರು ಮಾಡಿ. ಖಾಲಿ ಇದ್ದಾಗ 8 ಮಿಲಿಸೆಕೆಂಡ್ ಇದ್ದದ್ದು ಏಕ್ದಂ 500, 600ಕ್ಕೆ ಏರಿತಾ? ಹಾಗಿದ್ದರೆ ಅದು ಬಫರ್‌ಬ್ಲೋಟ್. ಜಿಮ್ ಗೆಟಿಸ್ ತಮ್ಮ ಮನೆಯ ನೆಟ್ ಯಾಕೆ ಹೀಗೆ ಅಂತ ಹುಡುಕುತ್ತಾ ಹೋಗಿ 2010ರ ಹೊತ್ತಿಗೆ ಈ ಹೆಸರು ಕೊಟ್ಟರು.

ಆಗುವುದು ಇಷ್ಟೇ. ಲೈನ್ ಎಷ್ಟು ಅಗಲ ಅಂತ ಡೇಟಾ ಕಳಿಸುವ ಪದ್ಧತಿಯಾದ ಟಿಸಿಪಿಗೆ ಗೊತ್ತಿಲ್ಲ. ಪ್ಯಾಕೆಟ್ ಕಳೆದುಹೋಗುವವರೆಗೆ ವೇಗ ಏರಿಸುತ್ತಲೇ ಹೋಗುತ್ತದೆ. ಕಳೆದರೆ ಇಳಿಸುತ್ತದೆ. ರೌಟರ್ ತಯಾರಿಸುವವರು ಪ್ಯಾಕೆಟ್ ಕಳೆಯಬಾರದು ಅಂತ ದೊಡ್ಡ ಬಫರ್ (ಪ್ಯಾಕೆಟ್ ಸಾಲು ಕಾಯುವ ಜಾಗ) ಇಟ್ಟುಬಿಟ್ಟರು. ಈಗ ಪ್ಯಾಕೆಟ್ ಕಳೆಯುವುದಿಲ್ಲ, ಬಫರ್‌ನಲ್ಲಿ ಕೂತು ಕೊಳೆಯುತ್ತದೆ. ಲೆಕ್ಕ ನೋಡಿ: ಬಫರ್ 1 ಎಂಬಿ, ಅಂದರೆ 8 ಮೆಗಾಬಿಟ್. ಅಪ್‌ಲೋಡ್ 10 ಎಂಬಿಪಿಎಸ್. ಬಫರ್ ತುಂಬಿದರೆ ಹಿಂದೆ ಬಂದ ಪ್ರತಿ ಪ್ಯಾಕೆಟ್ 0.8 ಸೆಕೆಂಡ್ ಕಾಯಬೇಕು. ವಿಡಿಯೊ ಕಾಲ್‌ನ ಪ್ಯಾಕೆಟ್ಟೂ ಕಾಯಬೇಕು, ತಾಣದ ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆಯೂ ಕಾಯಬೇಕು. ನೀವು "ನೆಟ್ ಸತ್ತುಹೋಯಿತು" ಅನ್ನುತ್ತೀರಿ. ಸ್ಪೀಡ್ ಟೆಸ್ಟ್ ಮಾತ್ರ ಪೂರ್ತಿ ವೇಗ ತೋರಿಸುತ್ತದೆ, ಯಾಕೆಂದರೆ ಲೈನ್ ನಿಜವಾಗಿಯೂ ತುಂಬಿ ಓಡುತ್ತಿದೆ.

ಇದಕ್ಕೆ ಮದ್ದು 2012ರಲ್ಲೇ ಬಂತು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಮಾಡಿದ ಕೋಡೆಲ್. ಸಾಲು ಎಷ್ಟು ಉದ್ದ ಅಂತ ಅದು ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. 100 ಮಿಲಿಸೆಕೆಂಡ್ ಉದ್ದಕ್ಕೂ ಕಾಯುವ ಹೊತ್ತು 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯಲೇ ಇಲ್ಲ ಅಂದರೆ ಒಂದು ಪ್ಯಾಕೆಟ್ ಬೀಳಿಸಿ ಕಳಿಸುವವನಿಗೆ ಸೂಚನೆ ಕೊಡುತ್ತದೆ. ಎಫ್‌ಕ್ಯೂ-ಕೋಡೆಲ್ ಅದರ ಜೊತೆಗೆ ಪ್ರತಿ ಹರಿವಿಗೂ ಬೇರೆ ಸಾಲು ಕೊಡುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಇರುವ ರೌಟರ್‌ನಲ್ಲಿ ಎಸ್‌ಕ್ಯೂಎಂ (ಈ ಸಾಲು ನಿರ್ವಹಣೆ) ಆನ್ ಮಾಡಿ, ವೇಗವನ್ನು ನಿಮ್ಮ ಲೈನಿನ 90 ಶೇಕಡಾಕ್ಕೆ ಇಡಿ. ಹತ್ತು ಶೇಕಡಾ ಹೋಯಿತು ಅಂತ ಬೇಸರ ಬೇಡ, ಬದಲಿಗೆ ಸಿಗುವುದು ದೊಡ್ಡದು.

ಇಲ್ಲಿ ಗಮನಿಸಿ, ಈ ಇಡೀ ವ್ಯವಸ್ಥೆಗೆ ಇದು ಟೊರೆಂಟಾ, ವಿಡಿಯೊ ಕಾಲಾ, ಯಾವ ಕಂಪನಿಯದು ಅಂತ ಏನೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ. ಇದೂ ನೆಟ್‌ವರ್ಕ್ ನಿರ್ವಹಣೆಯೇ.

ಒಂದುಮಾತು

ನೀವೆಲ್ಲ ಕಷ್ಟದ ಮಾತು ಆಡುತ್ತಿದ್ದೀರಿ. ಸರಳವಾಗಿ ಹೇಳಿ. ರಸ್ತೆ ಒಂದೇ, ನೂರು ಕಾರು ಮಧ್ಯೆ ಹತ್ತು ಲಾರಿ. ಲಾರಿಗಳನ್ನು ರಾತ್ರಿ ಎಂಟರಿಂದ ಹನ್ನೊಂದರವರೆಗೆ ನಿಲ್ಲಿಸಿದರೆ ಮಿಕ್ಕವರು ಆರಾಮ. ಇಡೀ ದಿನ ಡೌನ್‌ಲೋಡ್ ಹಾಕಿ ಕೂರುವವರಿಂದಲೇ ಇಷ್ಟೆಲ್ಲ. ಎಫ್‌ಯುಪಿ (ಬಳಕೆಯ ಮಿತಿ) ಬಿಗಿ ಮಾಡಿ, ತಿಂಗಳಿಗೆ ಇಷ್ಟು ಜಿಬಿ ಮೇಲೆ ವೇಗ ಇಳಿಸಿ, ಮುಗಿಯಿತು. ಇದಕ್ಕೆ ಕಾನೂನು ಯಾಕೆ?

ಪಾಳಿಕಾರ

ಲಾರಿಗೆ ಅಡ್ಡ ಹಾಕಿದರೆ ಅದು ಸಣ್ಣದಾಗುವುದಿಲ್ಲ ಸ್ವಾಮಿ, ಟಿಸಿಪಿ ಹರಿವು ಸಣ್ಣದಾಗುತ್ತದೆ. ಜಾಗ ಎಷ್ಟಿದೆಯೋ ಅಷ್ಟಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಹಾಗಾಗಿ ರಸ್ತೆ ಬಿಟ್ಟು ಸಂಖ್ಯೆ ನೋಡೋಣ.

ಜಿಪಾನ್ (ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ಬಗೆ) ಫೈಬರ್‌ನಲ್ಲಿ ಒಂದು ಪೋರ್ಟ್‌ಗೆ ಕೆಳಮುಖ 2.488 ಜಿಬಿಪಿಎಸ್. ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 32 ಮನೆಯವರೂ ಒಂದೇ ಕ್ಷಣ ಪೂರ್ತಿ ಎಳೆದರೆ ತಲಾ 77 ಎಂಬಿಪಿಎಸ್ ಬರುತ್ತದೆ. ಹಾಗೆ ಯಾರೂ ಎಳೆಯುವುದಿಲ್ಲ. 4ಕೆ ವಿಡಿಯೊಗೆ 15 ಎಂಬಿಪಿಎಸ್ ಸಾಕು ಅಂತ ನೆಟ್‌ಫ್ಲಿಕ್ಸೇ ಹೇಳುತ್ತದೆ. 32 ಮನೆಯಲ್ಲೂ ಒಂದೊಂದು 4ಕೆ ಓಡಿದರೂ 480 ಎಂಬಿಪಿಎಸ್. ಪೋರ್ಟಿನ ಐದನೇ ಒಂದು ಭಾಗ. ಅಂದರೆ ಮನೆ ಹತ್ತಿರದ ಫೈಬರ್ ತುಂಬುವುದು ತೀರಾ ಅಪರೂಪ.

ತುಂಬುವುದು ಅದರ ಹಿಂದೆ. ಒಂದು ಓಎಲ್‌ಟಿಯಲ್ಲಿ (ಈ ಫೈಬರ್‌ಗಳೆಲ್ಲ ಬಂದು ಸೇರುವ ಐಎಸ್‌ಪಿ ಕಡೆಯ ಪೆಟ್ಟಿಗೆ) 16 ಪೋರ್ಟ್, ಪೋರ್ಟಿಗೆ 64 ಮನೆ ಅಂದರೆ 1,024 ಗ್ರಾಹಕರು. ಅದರ ಬೆನ್ನಿಗೆ 10 ಜಿಬಿಪಿಎಸ್ ಕೊಂಡಿ ಇದ್ದರೆ ತಲಾ ಸುಮಾರು 10 ಎಂಬಿಪಿಎಸ್, ಎಲ್ಲರೂ ಒಟ್ಟಿಗೆ ಎಳೆದರೂ. ಆರಾಮಾಗಿ ಸಾಕು. ಅದೇ ಓಎಲ್‌ಟಿಯ ಬೆನ್ನಿಗೆ 1 ಜಿಬಿಪಿಎಸ್ ಕಟ್ಟಿ, ಎಲ್ಲರಿಗೂ 100ರ ಪ್ಲಾನ್ ಮಾರಿದರೆ? ತಲಾ 1 ಎಂಬಿಪಿಎಸ್. ರಾತ್ರಿ ಒಂಬತ್ತಕ್ಕೆ ನರಕ. ಇಲ್ಲಿ ಹತ್ತು ಜನ ಟೊರೆಂಟ್ ಹಾಕುವವರನ್ನು ಓಡಿಸಿದರೂ ಮಿಕ್ಕ ಸಾವಿರ ಜನರ ವಿಡಿಯೊಗೆ ಜಾಗ ಇಲ್ಲ.

ಗ್ರಾಫ್ ನೋಡಿದರೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಕೊಂಡಿಯ ಗೆರೆ ಸಂಜೆ ಏರಿ, ಒಂಬತ್ತು ಹತ್ತರ ಹೊತ್ತಿಗೆ ಗುಂಡಗೆ ತಿರುಗಿ, ಇಳಿಯುತ್ತದೆ. ತುಂಬಿದ ಕೊಂಡಿಯ ಗೆರೆ ಏರುತ್ತಾ ಬಂದು ಮೇಲೆ ಚಪ್ಪಟೆಯಾಗುತ್ತದೆ. ಮೂರು ಗಂಟೆ ಹಾಗೇ ಸಮತಟ್ಟು. ಆ ಚಪ್ಪಟೆಯ ಮೇಲೆ ಎಷ್ಟು ಬೇಡಿಕೆ ಇತ್ತು ಅಂತ ಗ್ರಾಫ್ ಹೇಳುವುದಿಲ್ಲ. ಇನ್ನೊಂದು ಗುಟ್ಟು: ಗ್ರಾಫ್ ತೋರಿಸುವುದು ಸಾಮಾನ್ಯವಾಗಿ ಐದು ನಿಮಿಷದ ಸರಾಸರಿ. ಸರಾಸರಿ 80 ಶೇಕಡಾ ಇದ್ದರೆ ನಡುನಡುವೆ ಕ್ಷಣಕಾಲ 100 ಮುಟ್ಟಿ ಪ್ಯಾಕೆಟ್ ಬಿದ್ದಿರುತ್ತವೆ. ಅದಕ್ಕೇ 80 ದಾಟಿದರೆ ನಾವು ಹೊಸ ಕೊಂಡಿಗೆ ಬೇಡಿಕೆ ಬರೆಯುತ್ತೇವೆ. ಮೇಲಿನವರು ಸಹಿ ಹಾಕುವುದು ಬೇರೆ ಕಥೆ.

ಇನ್ನು ತಿಂಗಳ ಎಫ್‌ಯುಪಿ. ಒಬ್ಬ ಬೆಳಗಿನ ಜಾವ ಮೂರಕ್ಕೆ ಟಿಬಿಗಟ್ಟಲೆ ಇಳಿಸಿಕೊಂಡರೆ ಯಾರಿಗೂ ಏನೂ ಆಗುವುದಿಲ್ಲ. ಆಗ ಕೊಂಡಿ ಖಾಲಿ ಹೊಡೆಯುತ್ತಿರುತ್ತದೆ. ಕೊಂಡಿ ಕೊಳ್ಳುವುದು ರಾತ್ರಿ ಒಂಬತ್ತರ ತುದಿಯ ಲೆಕ್ಕದಲ್ಲಿ. ತಿಂಗಳಲ್ಲಿ ಕಡಿಮೆ ಬಳಸಿ, ದಿನಾ ಒಂಬತ್ತಕ್ಕೇ ಕೂರುವವರು ಕೊಂಡಿಗೆ ಹೆಚ್ಚು ಭಾರ. ತಿಂಗಳ ಮಿತಿ ಬೆಲೆ ವಿಂಗಡಿಸುವ ಸಾಧನ. ಅದನ್ನು ದಟ್ಟಣೆಯ ಮದ್ದು ಅಂತ ಮಾರುವುದು ಮಾತ್ರ ನನಗೆ ಒಗ್ಗುವುದಿಲ್ಲ.

ಒಂದುಮಾತು

ಸರಿ, ತಿಂಗಳ ಮಿತಿ ಬಿಡಿ. ಆದರೆ ಒಂಬತ್ತರ ಹೊತ್ತಿಗೇ ಒಬ್ಬ ನೂರಕ್ಕೆ ನೂರು ಎಳೆಯುತ್ತಿದ್ದರೆ? ಅವನನ್ನೂ ಮುಟ್ಟಬಾರದಾ?

ಪಾಳಿಕಾರ

ಮುಟ್ಟಬಹುದು. ಹೇಗೆ ಅನ್ನುವುದು ಮುಖ್ಯ. ಮೇಲೆ ಬೈಸಿಕೊಂಡ ಕಾಮ್‌ಕಾಸ್ಟೇ ಆಮೇಲೆ ಇದನ್ನು ಸರಿಯಾಗಿ ಮಾಡಿ ತೋರಿಸಿತು. 2010ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 6057 ಅನ್ನುವ ಬಹಿರಂಗ ತಾಂತ್ರಿಕ ದಾಖಲೆಯಲ್ಲಿ ಅಷ್ಟೂ ಬರೆದಿದೆ. ಒಂದು ಪ್ರದೇಶದ ಕೊಂಡಿ 15 ನಿಮಿಷ ಅಪ್‌ಲೋಡ್ ಕಡೆ 70 ಶೇಕಡಾ, ಇಲ್ಲವೇ ಡೌನ್‌ಲೋಡ್ ಕಡೆ 80 ಶೇಕಡಾ ದಾಟಿದರೆ ಮಾತ್ರ ವ್ಯವಸ್ಥೆ ಎಚ್ಚರವಾಗುತ್ತದೆ. ಆಗ ಆ ಕೊಂಡಿಯಲ್ಲಿ ತನ್ನ ಪ್ಲಾನಿನ ವೇಗದ 70 ಶೇಕಡಾಗಿಂತ ಜಾಸ್ತಿಯನ್ನು 15 ನಿಮಿಷದಿಂದ ಎಳೆಯುತ್ತಿರುವವರು ಯಾರು ಅಂತ ನೋಡುತ್ತದೆ. ಅವರ ಪ್ಯಾಕೆಟ್‌ಗಳಿಗೆ ಒಂದು ಮೆಟ್ಟಿಲು ಕಡಿಮೆ ಆದ್ಯತೆ. ಜಾಗ ಇದ್ದರೆ ಅವರದ್ದೂ ಪೂರ್ತಿ ವೇಗದಲ್ಲೇ ಹೋಗುತ್ತದೆ. ಅವರ ಬಳಕೆ ಪ್ಲಾನಿನ ವೇಗದ 50 ಶೇಕಡಾಗಿಂತ ಕೆಳಗೆ ಇಳಿದು ಸ್ವಲ್ಪ ಹೊತ್ತಾದರೆ ಮತ್ತೆ ಮಾಮೂಲು.

ಏನು ನೋಡುತ್ತಿದ್ದಾರೆ, ಯಾವ ಆ್ಯಪ್ ಅಂತ ಎಲ್ಲೂ ಪ್ರಶ್ನೆಯೇ ಇಲ್ಲ. ದಟ್ಟಣೆ ಇದ್ದಾಗ ಮಾತ್ರ, ದಟ್ಟಣೆ ಇರುವ ಕಡೆ ಮಾತ್ರ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾತ್ರ. ನನಗೆ ಇದು ಸರಿ ಅನ್ನಿಸುತ್ತದೆ. ಅದಕ್ಕಿಂತ ಮುಖ್ಯ, ಅಂಕಿ ಸಮೇತ ಬರೆದು ಊರಿಗೆಲ್ಲ ಗೊತ್ತಾಗುವ ಹಾಗೆ ಇಟ್ಟರು.

ಸಮಪಾಲು

ಇಟ್ಟದ್ದು ಯಾಕೆ ಅಂತಲೂ ಹೇಳಿ ಸರ್. 2008ರ ಆಗಸ್ಟ್‌ನಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಆದೇಶ ಹೊರಡಿಸಿ ಬಿಟ್‌ಟೊರೆಂಟ್ ತಡೆ ನಿಲ್ಲಿಸಿ, ಹೊಸ ಪದ್ಧತಿ ಏನು ಅಂತ ಬಹಿರಂಗ ಮಾಡಿ ಅಂದದ್ದಕ್ಕೆ. ಆ ಆದೇಶವನ್ನು 2010ರ ಏಪ್ರಿಲ್‌ನಲ್ಲಿ ಕೋರ್ಟ್ ರದ್ದು ಮಾಡಿತು ನಿಜ. ಆದರೆ ಅಷ್ಟರಲ್ಲಿ ಕೆಲಸ ಆಗಿಬಿಟ್ಟಿತ್ತು. ಯಾರೂ ಕೇಳದಿದ್ದರೆ ಆ ಆರ್‌ಎಫ್‌ಸಿ ಬರುತ್ತಿತ್ತಾ?

ಕಡತಪ್ರಿಯ

ನಿಯಮ ಯಾವುದು ಅಂತ ನೀಲಿದೀಪ ಅವರು ಕೇಳಿದ್ದರು, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಭಾರತದಲ್ಲಿ ಎರಡು ಪದರ ಇದೆ. ಮೊದಲನೆಯದು 2016ರ ಫೆಬ್ರವರಿ 8ರ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ. ಯಾವ ತಾಣ ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಕೆಲವೇ ತಾಣಗಳನ್ನು ಪುಕ್ಕಟೆ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ನಿಂತದ್ದು ಇದರಿಂದಲೇ. ಅದು ದರದ ವಿಷಯ, ವೇಗದ್ದಲ್ಲ. ಎರಡನೆಯದು ವೇಗದ್ದು. 2017ರ ನವೆಂಬರ್‌ನಲ್ಲಿ ಟ್ರಾಯ್ ಶಿಫಾರಸು ಮಾಡಿತು, 2018ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಒಪ್ಪಿತು. ಐಎಸ್‌ಪಿ ಲೈಸೆನ್ಸ್‌ನ ಷರತ್ತಿನಲ್ಲೇ ಇದೆ: ಒಳಗಿನ ವಿಷಯ ನೋಡಿ ತಡೆಯಬಾರದು, ನಿಧಾನ ಮಾಡಬಾರದು, ಬೇಕಾದವರಿಗೆ ಆದ್ಯತೆ ಕೊಡಬಾರದು. ಸಮಂಜಸವಾದ ಟ್ರಾಫಿಕ್ ನಿರ್ವಹಣೆಗೆ ವಿನಾಯಿತಿ ಇದೆ. ಕ್ಯಾಶ್ ಸರ್ವರ್ ಜಾಲಗಳನ್ನು ನಿಯಮದ ಹೊರಗೆ ಇಟ್ಟಿದ್ದಾರೆ.

ಸಮಂಜಸ ಅಂದರೆ ಏನು ಅನ್ನುವುದನ್ನು ಯುರೋಪಿನವರು ಸ್ಪಷ್ಟವಾಗಿ ಬರೆದಿದ್ದಾರೆ. 2015ರ ನಿಯಮ, 2016ರ ಏಪ್ರಿಲ್ 30ರಿಂದ ಜಾರಿ. ನಿರ್ವಹಣೆ ಬಹಿರಂಗವಾಗಿರಬೇಕು, ತಾರತಮ್ಯ ಇರಬಾರದು, ವ್ಯಾಪಾರದ ಲಾಭಕ್ಕಾಗಿ ಇರಬಾರದು, ಒಳಗಿನ ವಿಷಯ ನೋಡಬಾರದು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಇಡಬಾರದು. ಪಾಳಿಕಾರರು ಹೇಳಿದ ಪದ್ಧತಿ ಇದಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. ದಿನಾ ರಾತ್ರಿ ಮೂರು ಗಂಟೆ ಒಂದು ಬಗೆಯ ಟ್ರಾಫಿಕ್ ನಿಧಾನ ಮಾಡಿ "ದಟ್ಟಣೆ ಇತ್ತು" ಅಂದರೆ ಹೊಂದುವುದಿಲ್ಲ. ಅಲ್ಲಿ ದಟ್ಟಣೆಯ ವಿನಾಯಿತಿ ಇರುವುದು ತಾತ್ಕಾಲಿಕ ಅಥವಾ ಅಪರೂಪದ ಸಂದರ್ಭಕ್ಕೆ. ದಿನಾ ಬರುವುದು ಅಪರೂಪ ಹೇಗಾಗುತ್ತದೆ? ಅದು ಸಾಮರ್ಥ್ಯದ ಕೊರತೆ.

ಅಮೆರಿಕದ ಕಥೆ ಬೇಡ ಬಿಡಿ, ತೂಗುಮಣೆ ಅದು. 2010ರಲ್ಲಿ ನಿಯಮ, 2014ರಲ್ಲಿ ಕೋರ್ಟ್ ಬಹುಪಾಲು ಹೊಡೆದುಹಾಕಿತು. 2015ರಲ್ಲಿ ಮತ್ತೆ, 2017ರಲ್ಲಿ ವಾಪಸ್. 2024ರಲ್ಲಿ ಮತ್ತೆ, 2025ರ ಜನವರಿ 2ರಂದು ಕೋರ್ಟ್‌ನಿಂದ ಮತ್ತೆ ರದ್ದು.

ನನಗೆ ಇವೆಲ್ಲಕ್ಕಿಂತ ಉಪಯುಕ್ತ ಅನ್ನಿಸಿದ್ದು ಬ್ರಿಟನ್ನಿನ ಒಂದು ಸಣ್ಣ ಜಾಹೀರಾತು ನಿಯಮ. 2018ರ ಮೇ ತಿಂಗಳಿಂದ ಅಲ್ಲಿ ವೇಗದ ಜಾಹೀರಾತು ಹಾಕಬೇಕಾದರೆ, ರಾತ್ರಿ ಎಂಟರಿಂದ ಹತ್ತರ ನಡುವೆ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಹೇಳಬೇಕು. ಮೊದಲು ಹತ್ತು ಶೇಕಡಾ ಗ್ರಾಹಕರಿಗೆ ಸಿಕ್ಕರೆ ಸಾಕಿತ್ತು. ಥ್ರಾಟ್ಲಿಂಗ್, ಕೊಂಡಿ, ಬಫರ್ ಯಾವುದರ ಚರ್ಚೆಯೂ ಇಲ್ಲ. ಎಂಟು ಗಂಟೆಗೆ ಎಷ್ಟು ಬರುತ್ತದೆ ಹೇಳಿ, ಅಷ್ಟೇ.

ಪಿಂಗ್‌ಪಾಂಗ್

ಅದಕ್ಕೆ ಒಂದು ಸಾಲು ಸೇರಿಸಿದರೆ ನನಗೆ ತೃಪ್ತಿ: ಲೈನ್ ತುಂಬಿದ್ದಾಗ ಲೇಟೆನ್ಸಿ (ಪಿಂಗ್ ತೋರಿಸುವ ತಡ) ಎಷ್ಟು? ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ಲಾನ್ ಜೊತೆ ಒಂದು ಲೇಬಲ್ ಹಾಕಬೇಕು. ಸಾಮಾನ್ಯ ವೇಗ, ಲೇಟೆನ್ಸಿ, ನೆಟ್‌ವರ್ಕ್ ನಿರ್ವಹಣೆಯ ನೀತಿಗೆ ವೆಬ್ ಲಿಂಕ್ ಎಲ್ಲ ಇರುತ್ತದೆ. ಆದರೆ ಖಾಲಿ ಲೈನಿನ ಲೇಟೆನ್ಸಿ ಯಾರಿಗೆ ಬೇಕು? ಖಾಲಿ ಇದ್ದಾಗ ಎಲ್ಲರ ಲೈನೂ ಚೆನ್ನ. ಬರೀ ಎಂಬಿಪಿಎಸ್ ಅಳೆದರೆ ಕಂಪನಿಗಳು ಬರೀ ಎಂಬಿಪಿಎಸ್ ಮಾರುತ್ತವೆ.

ಒಂದುಮಾತು

ಎಲ್ಲ ಭಾರ ಐಎಸ್‌ಪಿ ತಲೆ ಮೇಲೆ ಹಾಕುತ್ತಿದ್ದೀರಿ. ವಿಡಿಯೊ ಕಂಪನಿಗಳು ಇಷ್ಟು ಟ್ರಾಫಿಕ್ ತುಂಬುತ್ತವೆ, ಕೊಂಡಿಯ ಖರ್ಚು ಮಾತ್ರ ಐಎಸ್‌ಪಿಯದ್ದಾ? ಅವರೂ ಪಾಲು ಕೊಡಲಿ.

ಸಮಪಾಲು

ಟ್ರಾಫಿಕ್ ತುಂಬುವುದು ಅವರಲ್ಲ, ಕೇಳಿ ತರಿಸಿಕೊಳ್ಳುವ ಗ್ರಾಹಕರು. ಗ್ರಾಹಕರು ಅದಕ್ಕೇ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದಾರೆ. ಪಾಲು ಕೊಡಿಸುವ ಪ್ರಯೋಗ ದಕ್ಷಿಣ ಕೊರಿಯಾದಲ್ಲಿ ಆಯಿತು. ಅಲ್ಲಿ 2016ರಿಂದ ಐಎಸ್‌ಪಿಗಳ ನಡುವೆ ಕಳಿಸುವವರೇ ದುಡ್ಡು ಕೊಡುವ ನಿಯಮ. ನೆಟ್‌ಫ್ಲಿಕ್ಸ್ ಮತ್ತು ಎಸ್‌ಕೆ ಬ್ರಾಡ್‌ಬ್ಯಾಂಡ್ ಕೋರ್ಟಿನಲ್ಲಿ ಹೊಡೆದಾಡಿ 2023ರ ಸೆಪ್ಟೆಂಬರ್‌ನಲ್ಲಿ ರಾಜಿ ಆದವು. ನೇರಪ್ರಸಾರದ ತಾಣ ಟ್ವಿಚ್ ಅಂತೂ ಬೇರೆ ದೇಶಗಳಿಗಿಂತ ಹತ್ತು ಪಟ್ಟು ಖರ್ಚು ಅಂತ ಹೇಳಿ 2024ರ ಫೆಬ್ರವರಿಯಲ್ಲಿ ಅಂಗಡಿ ಮುಚ್ಚಿಕೊಂಡು ಹೋಯಿತು. ಹೋಗುವ ಮೊದಲು ಅಲ್ಲಿನವರಿಗೆ ವಿಡಿಯೊವನ್ನು 720ಪಿಗೆ ಇಳಿಸಿತ್ತು. ನಷ್ಟ ಯಾರಿಗೆ?

ಪಾಳಿಕಾರ

ಇಲ್ಲಿ ನಾನು ನಮ್ಮವರ ಪರ ಇಲ್ಲ. ದೊಡ್ಡ ವಿಡಿಯೊ ಕಂಪನಿಗಳು ತಮ್ಮ ಕ್ಯಾಶ್ ಪೆಟ್ಟಿಗೆಯನ್ನು ಐಎಸ್‌ಪಿಯ ಕೊಠಡಿಗೇ ತಂದು ಇಡುತ್ತವೆ. ನೆಟ್‌ಫ್ಲಿಕ್ಸ್ ಇದನ್ನು 2012ರಿಂದ ಮಾಡುತ್ತಿದೆ. ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ ಪೆಟ್ಟಿಗೆ ತುಂಬಿಕೊಳ್ಳುತ್ತದೆ, ರಾತ್ರಿ ಅಲ್ಲಿಂದಲೇ ಹಂಚುತ್ತದೆ. ನಮ್ಮ ಟ್ರಾನ್ಸಿಟ್ ಬಿಲ್ ಉಳಿಯುತ್ತದೆ. ಸಮಸ್ಯೆ ಇರುವುದು ಮಧ್ಯಮ ಗಾತ್ರದ ತಾಣಗಳಿಗೆ. ಅವರ ಪೆಟ್ಟಿಗೆ ನಮ್ಮಲ್ಲಿ ಇರುವುದಿಲ್ಲ, ಬಾಡಿಗೆ ಜಾಲದ ಮೂಲಕ ಬರುತ್ತಾರೆ, ತುಂಬಿದ ಟ್ರಾನ್ಸಿಟ್‌ಗೆ ಸಿಕ್ಕಿಕೊಳ್ಳುತ್ತಾರೆ. ಯಾರೂ ತಾರತಮ್ಯ ಮಾಡದೆಯೇ ದೊಡ್ಡವರು ವೇಗ, ಸಣ್ಣವರು ನಿಧಾನ. ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕು ಅನ್ನುವ ಯಾವ ನೆಟ್ ನ್ಯೂಟ್ರಾಲಿಟಿ ನಿಯಮಕ್ಕೂ ಇದು ಸಿಗುವುದಿಲ್ಲ.

ನೀಲಿದೀಪ

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಕೇಬಲ್ ಹಾಕಿದರೂ ಅದೇ ಕಥೆ. ಅಪ್‌ಲೋಡ್ ಮಾಡುವಾಗ ಪಿಂಗ್ 30ರ ಒಳಗೇ ಇತ್ತು, ಬಫರ್‌ಬ್ಲೋಟ್ ಅಷ್ಟಾಗಿ ಇಲ್ಲ. ವೀಹಿಯಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂತಿವೆ. ಎಂಟಿಆರ್‌ನಲ್ಲಿ ರಾತ್ರಿ ಹೊತ್ತು ಕಂಪನಿಯ ಕೊನೆಯ ರೌಟರ್ ದಾಟಿ ಮುಂದಿನ ಜಾಲಕ್ಕೆ ಕಾಲಿಟ್ಟ ಕೂಡಲೇ ನಷ್ಟ ಶುರು, ಕೊನೆಯ ಸಾಲಿನವರೆಗೂ ಹಾಗೇ ಇದೆ. ಲೇಟೆನ್ಸಿಯೂ ಅಲ್ಲೇ ಹಾರುತ್ತದೆ. ಬೆಳಿಗ್ಗೆ ಅದೇ ದಾರಿಯಲ್ಲಿ ನಷ್ಟ ಸೊನ್ನೆ. ಮತ್ತೆ, ವಿಡಿಯೊ ತಾಣ ಆ ಮಧ್ಯಮ ಗಾತ್ರದ್ದೇ. ದೂರು ಹೇಗೆ ಬರೆಯಲಿ?

ಪಾಳಿಕಾರ

ಹಾಗಾದರೆ ಹೊರಗಿನ ಕೊಂಡಿಯೇ. ಥ್ರಾಟ್ಲಿಂಗ್ ಅನ್ನುವ ಮಾತನ್ನೇ ಎತ್ತಬೇಡಿ. ರಾತ್ರಿಯ ಎಂಟಿಆರ್, ಬೆಳಗಿನ ಎಂಟಿಆರ್ ಎರಡನ್ನೂ ಅಕ್ಕಪಕ್ಕ ಇಡಿ. ವಾಪಸ್ ಬರುವ ದಾರಿ ಬೇರೆಯೂ ಆಗಿರಬಹುದು, ಹಾಗಾಗಿ ನಿಮ್ಮ ಪಬ್ಲಿಕ್ ಐಪಿ, ಸಮಯ, ಎದುರಿನ ಸರ್ವರ್‌ನ ಐಪಿ ಮೂರನ್ನೂ ಬರೆಯಿರಿ. "ಈ ಎರಡು ಹಾಪ್‌ಗಳ ನಡುವಿನ ಕೊಂಡಿಯ ರಾತ್ರಿ 8ರಿಂದ 11ರ ಬಳಕೆ ಎಷ್ಟು, ಸಾಮರ್ಥ್ಯ ಹೆಚ್ಚಿಸುವ ದಿನ ಯಾವುದು" ಅಂತ ಎರಡೇ ಪ್ರಶ್ನೆ ಕೇಳಿ. ಅದೇ ದೂರಿನ ಪ್ರತಿಯನ್ನು ವಿಡಿಯೊ ತಾಣದವರಿಗೂ ಕಳಿಸಿ. ಎಷ್ಟೋ ಸಲ ಅವರು ಒಂದು ಮಧ್ಯಾಹ್ನದಲ್ಲಿ ಬೇರೆ ದಾರಿಗೆ ತಿರುಗಿಸಿಬಿಡುತ್ತಾರೆ, ಐಎಸ್‌ಪಿಯ ಸಹಿ ಬರುವುದಕ್ಕಿಂತ ಮೊದಲೇ.

ಫೋನ್‌ನಲ್ಲಿ ಹೇಳಿದರೆ ರೌಟರ್ ಆಫ್ ಆನ್ ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಬರಹದಲ್ಲೇ ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಮೊದಲ ಉತ್ತರ ತೃಪ್ತಿ ಕೊಡದಿದ್ದರೆ ಅದೇ ಸಂಖ್ಯೆ ಹಿಡಿದು ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಬಹುದು.

ಕಡತಪ್ರಿಯ

ಮೇಲ್ಮನವಿಯಲ್ಲಿ ಲೈಸೆನ್ಸ್ ಷರತ್ತು ಎತ್ತಬೇಡಿ, ಅದು ತಾರತಮ್ಯಕ್ಕೆ. ಸೇವೆಯ ಗುಣಮಟ್ಟದ ನಿಯಮ ಹಿಡಿಯಿರಿ. ಈಗಿನದು 2024ರದ್ದು, ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಪಿಂಗ್‌ಪಾಂಗ್

ಒಂದು ಬಿಡಿ ಪ್ರಶ್ನೆ. 5ಜಿಯಲ್ಲಿ ಸ್ಲೈಸಿಂಗ್ ಬಂದಿದೆ. ಒಂದೇ ಜಾಲವನ್ನು ಸೀಳಿ, ಒಂದು ಸೀಳು ಆಟ ಆಡುವವರಿಗೆ, ಒಂದು ಆಸ್ಪತ್ರೆಗೆ ಅಂತ ಮಾರುತ್ತಾರಂತೆ. ಇದು ಯಾವ ಕಡೆ ಬರುತ್ತದೆ?

ಕಡತಪ್ರಿಯ

ಯುರೋಪಿನಲ್ಲೂ ಭಾರತದಲ್ಲೂ ವಿಶೇಷ ಸೇವೆ ಅಂತ ಒಂದು ಬಾಗಿಲು ಬಿಟ್ಟಿದ್ದಾರೆ. ಮಾಮೂಲು ಇಂಟರ್ನೆಟ್ಟಿನಲ್ಲಿ ಸಾಧ್ಯವಾಗದ ಗುಣಮಟ್ಟ ನಿಜವಾಗಿಯೂ ಬೇಕಾಗಿರಬೇಕು, ಮಾಮೂಲು ಬಳಕೆದಾರರ ಸೇವೆ ಅದರಿಂದ ಕೆಡಬಾರದು. ದೂರದಿಂದ ಶಸ್ತ್ರಚಿಕಿತ್ಸೆ ಅಂದರೆ ಯಾರೂ ತಕರಾರು ಮಾಡುವುದಿಲ್ಲ. ಆಟದ ಸೀಳು ಅಂದರೆ ಜಗಳ ಶುರುವಾಗುತ್ತದೆ, ಯಾಕೆಂದರೆ ನೀವೇ ಮೇಲೆ ಹೇಳಿದ ಹಾಗೆ ಬಫರ್ ಸರಿ ಮಾಡಿದರೆ ಎಲ್ಲರಿಗೂ ಪುಕ್ಕಟೆ ಸಿಗುವುದನ್ನೇ ಅಲ್ಲಿ ದುಡ್ಡಿಗೆ ಮಾರಿದ ಹಾಗಾಗುತ್ತದೆ.

ಪಾಳಿಕಾರ

ರೇಡಿಯೊದಲ್ಲಿ ಇನ್ನೊಂದು ತೊಡಕಿದೆ. ಟವರ್‌ನ ಸಾಮರ್ಥ್ಯ ಫೈಬರ್ ಹಾಗೆ ಒಂದೇ ಅಳತೆಯಲ್ಲಿ ಇರುವುದಿಲ್ಲ, ಗ್ರಾಹಕರು ಎಷ್ಟು ದೂರ ನಿಂತಿದ್ದಾರೆ ಅನ್ನುವುದರ ಮೇಲೆ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಒಂದು ಸೀಳಿಗೆ ಖಾತರಿ ಕೊಟ್ಟರೆ, ಟವರ್ ಸೊರಗಿದ ಹೊತ್ತಿನಲ್ಲಿ ಆ ಖಾತರಿಯ ಅಷ್ಟೂ ಭಾರ ಮಿಕ್ಕವರ ಪಾಲಿನಿಂದಲೇ ಹೋಗುತ್ತದೆ. ಮಾಮೂಲು ಸೇವೆ ಕೆಟ್ಟಿಲ್ಲ ಅಂತ ತೋರಿಸಬೇಕಾದರೆ ಪ್ರತಿ ಟವರ್‌ನ ರಾತ್ರಿ ಹೊತ್ತಿನ ಅಂಕಿ ಹೊರಗೆ ಇಡಬೇಕು. ಸೀಳು ಮಾರುವ ಯಾವ ಕಂಪನಿಯಾದರೂ ಅದಕ್ಕೆ ಒಪ್ಪಿದರೆ ನನ್ನ ತಕರಾರು ಏನೂ ಇಲ್ಲ.